ಅಲ್ಪಕ್ಕಿಂತ ಅಲ್ಪ

ವಚನಾ ಫೋನಿನಲ್ಲಿ ಸ್ಟಾಪ್‌ವಾಚ್ ತೆರೆದು ತೊಡೆಯ ಮೇಲಿಟ್ಟುಕೊಂಡು, "ಸುರು ಮಾಡ್ಲ್ಯಾ?" ಎಂದು ಕೇಳಿದಾಗ ಓಂಕಾರನಿಗೆ, ತಾನೇ ಪ್ರಶ್ನೆಪತ್ರಿಕೆ ತೆಗೆದು ತಾನೇ ಪರೀಕ್ಷೆಗೆ ಕೂತವನ ಹಾಗೆ ಅನ್ನಿಸಿತು. ಮಂಗಳವಾರ, ಬೆಳಿಗ್ಗೆ ಆರೂ ಐವತ್ತು. ಆಕ್ಲೆಂಡಿನಲ್ಲಿ ಚಳಿಗಾಲದ ಹೊಸ್ತಿಲಾದ ಮೇ ತಿಂಗಳ ಕತ್ತಲು ಇನ್ನೂ ಹರಿದಿರಲಿಲ್ಲ. ಹದಿನಾಲ್ಕನೆಯ ನಂಬರಿನ ಮನೆಯ ಮುಂದೆ, ಶನಿವಾರ ಹರಾಜು ಎಂದು ಸಾರುವ ಬೋರ್ಡಿನ ಪಕ್ಕ ಅವರ ಕಾರು ನಿಂತಿತ್ತು. ಇಲ್ಲಿಗೆ ಬರಲು ಅವರು ಪಾಪಟೋಯ್‌ಟೋಯ್‌ನ ಬಾಡಿಗೆ ಮನೆಯಿಂದ ಆರು ಗಂಟೆಗೇ ಹೊರಟಿದ್ದರು. ಹೊರಟದ್ದು ಇಲ್ಲಿಂದ ಮತ್ತೆ ವಾಪಸು ಹೊರಡುವುದಕ್ಕಾಗಿ. ಈ ಮನೆ ತಮ್ಮದೇ ಆಗಿದ್ದರೆ, ಕೆಲಸದ ದಿನ, ಕೆಲಸದ ಹೊತ್ತಿಗೆ, ತಾನು ಕೆಲಸ ಮಾಡುವ ಈಸ್ಟ್ ತಮಾಕಿಯ ಫ್ಯಾಕ್ಟರಿಗೆ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು ಒಂದು ಸಲ ಅಳೆದು ನೋಡಬೇಕು ಎಂಬುದು ವಚನಾಳ ಯೋಚನೆ. "ಅಂಗಿ ತಗೊಳ್ಳೂಮುಂದ ಮೈಗೆ ಹಿಡದು ನೋಡೂದಿಲ್ಲೇನ್ರಿ?" ಎಂದಿದ್ದಳು. ಹಿಂದಿನ ಸೀಟಿನಲ್ಲಿ ಅವನ ತಾಯಿ ಬಸವ್ವ ಶಾಲು ಹೊದ್ದು, ಕೈಚೀಲ ಅಪ್ಪಿಕೊಂಡು, ಯಾವುದೋ ಊರಿಗೆ ಹೊರಟವಳಂತೆ ಕೂತಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ಐದಕ್ಕೇ ಎದ್ದು, ನಾನೂ ಬರತೀನಿ, ರಸ್ತೆ ಹೆಂಗೈತಿ ನೋಡತೀನಿ ಎಂದು ಚಪ್ಪಲಿ ಮೆಟ್ಟಿ ನಿಂತಿದ್ದಳು.

ರಸ್ತೆ ಹೇಗಿದೆ ಎಂಬುದು ಈ ಕಾರಿನಲ್ಲಿ ಒಬ್ಬನಿಗೆ ಗೊತ್ತಿತ್ತು. ಗೊತ್ತಿದ್ದವನು ಸ್ಟಿಯರಿಂಗ್ ಹಿಡಿದಿದ್ದ. ಕಳೆದ ಐದು ವಾರಗಳಲ್ಲಿ ವಚನಾ ಈ ಮನೆಯನ್ನು ನಾಲ್ಕು ಸಲ ನೋಡಿದ್ದಳು. ಇದಕ್ಕೆ ಮುಂಚೆ ನಾಲ್ಕು ಹರಾಜುಗಳಲ್ಲಿ ಕೈ ಎತ್ತಿ, ಮೂರನೆಯ ಕೂಗಿಗೇ ಇಳಿಸಿ, ಮನೆಗೆ ಬಂದು ಮಾತಿಲ್ಲದೆ ಅಕ್ಕಿ ತೊಳೆದವಳು. ಬಾಡಿಗೆ ಮನೆಯಲ್ಲಿ ಅತ್ತೆ ಹಾಲಿನ ಸೋಫಾದ ಮೇಲೆ ಮಲಗುತ್ತಿದ್ದಳು. ಬೆಳಿಗ್ಗೆ ಸೊಸೆ ಚಹಾಕ್ಕಿಡುವಾಗ ಎಚ್ಚರವಾದರೂ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಅತ್ತೆಗೆ ಎಚ್ಚರವಾಗಿದೆ ಎಂದು ಸೊಸೆಗೂ ಗೊತ್ತಿದ್ದು ಚಮಚದ ಸದ್ದಾಗದಂತೆ ಸಕ್ಕರೆ ಕಲಕುತ್ತಿದ್ದಳು. ಇಬ್ಬರದೂ ಎರಡು ವರ್ಷದ ಮರ್ಯಾದೆ. ಈ ಮನೆಗೆ ಮೂರು ಕೋಣೆ, ಮೂಡಣಕ್ಕೆ ಅಡುಗೆಮನೆಯ ಕಿಟಕಿ. ಕಟ್ಟಿ ಎರಡೇ ವರ್ಷವಾಗಿತ್ತು. ಕಟ್ಟಿಸಿದವರು ಯಾಕೆ ಇಷ್ಟು ಬೇಗ ಮಾರುತ್ತಿದ್ದಾರೆ ಎಂದು ವಚನಾ ಕೇಳಿದ್ದಕ್ಕೆ ಏಜೆಂಟು ಕೌಟುಂಬಿಕ ಕಾರಣ ಎಂದಿದ್ದ. ಓಂಕಾರ ಆಗ ಕಪಾಟಿನ ಬಾಗಿಲು ತೆರೆದು ಮುಚ್ಚಿ ನೋಡುತ್ತಿದ್ದ. "ಇಲ್ಲೆ ಟ್ರಾಫಿಕ್ ಹೆಂಗರಿ?" ಎಂದು ಅವಳು ಅವತ್ತು ರಾತ್ರಿ ಕೇಳಿದಳು. ಮರುವಾರ ಕೇಳಿದಳು. ಮೊನ್ನೆಯೂ ಕೇಳಿದಳು. ಟ್ರಾಫಿಕ್ಕು ಗಂಡನ ಕಸುಬು. ಡಾಕ್ಟರ ಹೆಂಡತಿ ನೆಗಡಿಗೆ ಕೇಳುವ ಹಾಗೆ ಸಲೀಸಾಗಿ ಕೇಳಿದ್ದಳು. ಅವನು ಮೂರು ಸಲವೂ "ನೋಡೂಣು" ಎಂದಿದ್ದ.

ಬಡಾವಣೆಯ ಹೆಸರು ಕೊವಾಯ್ ರಿಡ್ಜ್. ಅಲ್ಲಿ ಕೊವಾಯ್ ಮರವೂ ಇರಲಿಲ್ಲ, ದಿಬ್ಬವೂ ಇರಲಿಲ್ಲ. ಪಾಪಕುರಾದ ಅಂಚಿನಲ್ಲಿ ಮುನ್ನೂರು ಮನೆಗಳಿದ್ದವು, ಹೊರಹೋಗಲು ಹಾರ್ಗ್ರೇವ್ ರಸ್ತೆ ಎಂಬ ಒಂದೇ ದಾರಿಯಿತ್ತು. ನಾಲ್ಕು ವರ್ಷದ ಹಿಂದೆ ಇಲ್ಲಿ ಹಸುಗಳು ಮೇಯುತ್ತಿದ್ದವು. ಆಗ ಈ ಜಾಗಕ್ಕೆ ಕಾಗದದ ಮೇಲೆ 'ಹಾರ್ಗ್ರೇವ್ ರಸ್ತೆ, ಎರಡನೆಯ ಹಂತ' ಎಂದಷ್ಟೇ ಹೆಸರು. ಮುನ್ನೂರು ಮನೆ ಬಂದರೆ ಈ ರಸ್ತೆಯ ಮೇಲೆ ಏನು ಪರಿಣಾಮವಾಗುತ್ತದೆ ಎಂದು ವರದಿ ಬರೆಯುವ ಕೆಲಸ ಓಂಕಾರನ ಕಂಪನಿಗೆ ಬಂದು, ಅಲ್ಲಿಂದ ಅವನ ಮೇಜಿಗೆ ಬಂದಿತ್ತು. ಸೇರಿ ಐದು ತಿಂಗಳಾಗಿತ್ತು. ತನ್ನ ಹೆಸರಿನಲ್ಲಿ ಹೊರಬರುವ ಮೊದಲ ವರದಿ. ವಾಹನ ಎಣಿಸುವ ರಬ್ಬರು ಕೊಳವೆಯನ್ನು ರಸ್ತೆಗೆ ಅಡ್ಡಲಾಗಿ ಹಾಸಿದ್ದು ಜುಲೈ ಎರಡನೆಯ ವಾರದಲ್ಲಿ. ಶಾಲೆಗಳಿಗೆ ರಜೆಯಿದ್ದ ವಾರದಲ್ಲಿ. ರಜೆಯಲ್ಲಿ ಎಣಿಸಿದರೆ ಲೆಕ್ಕ ಕಡಿಮೆ ಬರುತ್ತದೆ, ಆದ್ದರಿಂದ ಬಂದ ಸಂಖ್ಯೆಯನ್ನು ಇಷ್ಟರಿಂದ ಹಿಗ್ಗಿಸಿಕೊಳ್ಳಬೇಕು ಎಂದು ಒಂದು ಕೋಷ್ಟಕವಿದೆ. ಶಾಲೆಯಿರುವ ರಸ್ತೆಗೆ ಹೆಚ್ಚು, ಇಲ್ಲದ ರಸ್ತೆಗೆ ಕಡಿಮೆ. ಶಾಲೆ ಹಾರ್ಗ್ರೇವ್ ರಸ್ತೆಯಲ್ಲಿರಲಿಲ್ಲ. ಅದರ ಬೆನ್ನಿಗಿದ್ದ ರಸ್ತೆಯಲ್ಲಿತ್ತು. ಓಂಕಾರ ಆ ಶುಕ್ರವಾರ ಮಧ್ಯಾಹ್ನ ಕೋಷ್ಟಕವನ್ನು ಬಹಳ ಹೊತ್ತು ನೋಡಿ, ಕಡಿಮೆಯದನ್ನೇ ಆರಿಸಿಕೊಂಡಿದ್ದ. ಮೇಲಧಿಕಾರಿ ಗ್ರಾಂಟ್ ಬಂದು ಭುಜದ ಹಿಂದೆ ನಿಂತು, ಈ ಸಂಖ್ಯೆಗಳ ಬಗ್ಗೆ ನಿನಗೆ ಸಮಾಧಾನವಿದೆಯೇ ಎಂದು ಕೇಳಿದ್ದ. ಯಾರೂ ಬಲವಂತ ಮಾಡಿರಲಿಲ್ಲ, ಬೆದರಿಸಿರಲಿಲ್ಲ. ಆಮೇಲೆ ಎಷ್ಟೋ ಸಲ ಹುಡುಕಿದರೂ ಆ ಮಧ್ಯಾಹ್ನದಲ್ಲಿ ಒಬ್ಬ ಖಳ ಸಿಕ್ಕಿರಲಿಲ್ಲ. ಓಂಕಾರ ಸಮಾಧಾನವಿದೆ ಎಂದಿದ್ದ. ಗ್ರಾಂಟ್ ಬೆನ್ನು ತಟ್ಟಿ ಹೋಗಿದ್ದ. ಬೆನ್ನು ತಟ್ಟಿಸಿಕೊಂಡದ್ದು ಚೆನ್ನಾಗಿತ್ತು. 'ಪರಿಣಾಮ ಅಲ್ಪಕ್ಕಿಂತ ಅಲ್ಪ' ಎಂಬ ಅರ್ಥದ ಒಂದು ಸಿದ್ಧವಾಕ್ಯ ಇಲ್ಲಿಯ ವರದಿಗಳಲ್ಲಿ ಇರುತ್ತದೆ. ಅದನ್ನು ಅವನು ಅರವತ್ತೆಂಟನೆಯ ಪುಟದಲ್ಲಿ ಬರೆದ.

"ಹೊಂಡ್ರಿ" ಎಂದು ವಚನಾ ಗುಂಡಿ ಒತ್ತಿದಳು.

ಅಡ್ಡರಸ್ತೆಯ ತುದಿಗೆ ಒಂದು ನಿಮಿಷದಲ್ಲಿ ಬಂದರು. ಅಲ್ಲಿ ಹಾರ್ಗ್ರೇವ್ ರಸ್ತೆ ಎಡದಿಂದ ಬಲಕ್ಕೆ, ಕಣ್ಣು ಹಾಯುವಷ್ಟೂ ಕೆಂಪು ದೀಪಗಳ ಸಾಲಾಗಿ ನಿಂತಿತ್ತು. ಹರಿಯುತ್ತಿರಲಿಲ್ಲ, ನಿಂತಿತ್ತು. ಓಂಕಾರ ಇಂಡಿಕೇಟರ್ ಹಾಕಿದ. ಅದು ಟಿಕ್ ಟಿಕ್ ಎನ್ನತೊಡಗಿತು. ಸಾಲಿನಲ್ಲಿದ್ದವರು ಯಾರೂ ಇವರ ಕಡೆ ತಿರುಗಲಿಲ್ಲ. ತಿರುಗಿದರೆ ಬಿಡಬೇಕಾಗುತ್ತದೆ ಎಂದು ತಿಳಿದವರಂತೆ ಎಲ್ಲರೂ ಮುಂದಿನ ಕಾರಿನ ಹಿಂಭಾಗವನ್ನೇ ಗೌರವದಿಂದ ನೋಡುತ್ತಿದ್ದರು. ಒಬ್ಬ ಹೆಂಗಸು ಕನ್ನಡಿಯಲ್ಲಿ ನೋಡಿಕೊಂಡು ತುಟಿಗೆ ಬಣ್ಣ ಹಚ್ಚುತ್ತಿದ್ದಳು. ಒಬ್ಬ ಬಟ್ಟಲಿನಿಂದ ಏನನ್ನೋ ಚಮಚದಲ್ಲಿ ತಿನ್ನುತ್ತಿದ್ದ. ಇಲ್ಲಿ ಒಂದು ಕಾರು ಸರಾಸರಿ ಇಪ್ಪತ್ತೆರಡು ಸೆಕೆಂಡು ಕಾಯಬೇಕಾದೀತು ಎಂದು ಬರೆದದ್ದು ಓಂಕಾರನಿಗೆ ನೆನಪಿತ್ತು. ಅವನು ತನಗರಿವಿಲ್ಲದೆ ಎಣಿಸತೊಡಗಿ, ಇಪ್ಪತ್ತೆರಡು ದಾಟಿ, ನೂರು ದಾಟಿ, ಬಿಟ್ಟುಬಿಟ್ಟ.

"ಯಾರೂ ಬಿಡವಲ್ರಲ್ಲೋ" ಎಂದಳು ಬಸವ್ವ. "ಸಂತಿ ಐತೇನು ಇವತ್ತ ಇಲ್ಲೆ?"

"ಇಲ್ಲಬೇ. ಕೆಲಸಕ್ಕ ಹೊಂಟಾರ."

"ಒಂದೊಂದ ಗಾಡ್ಯಾಗ ಒಬ್ಬೊಬ್ಬರ ಕುಂತಾರಲ್ಲ. ಜಗಳಾಡ್ಯಾರೇನು?"

ಎಂಟನೆಯ ನಿಮಿಷದಲ್ಲಿ ಒಂದು ಯೂಟ್ ನಿಧಾನಿಸಿತು. ಅದರ ಹಿಂದಿನ ತೆರೆದ ಭಾಗದಲ್ಲಿ ಏಣಿಗಳಿದ್ದವು. ಚಾಲಕ ಬೆರಳೊಂದನ್ನು ಎತ್ತಿ ಹೋಗು ಎಂದ. ಓಂಕಾರ ಕೈಯೆತ್ತಿ ಕೃತಜ್ಞತೆ ಹೇಳಿದ. ಅಗತ್ಯಕ್ಕಿಂತ ಹೆಚ್ಚು ಹೊತ್ತು ಎತ್ತಿಕೊಂಡೇ ಇದ್ದ. ಸಾಲಿನೊಳಗೆ ಸೇರಿದ ಮೇಲೆ ಎರಡು ಕಾರಿನಷ್ಟು ದೂರ ಸಾಗಿ ಅವರೂ ನಿಂತರು.

ಆಗ ಎಡಗಡೆಯ ಕಾಲುದಾರಿಯಲ್ಲಿ ಹೊಳೆಯುವ ಪಟ್ಟಿಯ ಜಾಕೆಟ್ಟು ತೊಟ್ಟು ಬೀಸಾಗಿ ನಡೆದು ಬರುತ್ತಿದ್ದ ಒಬ್ಬಾತ ಇವರನ್ನು ದಾಟಿ, ನಿಂತು, ಹಿಂದೆ ಬಂದು, ಬಗ್ಗಿ ನೋಡಿ, ವಚನಾಳ ಕಡೆಯ ಗಾಜು ತಟ್ಟಿದ. ಮುರಳಿ. ಮೈಸೂರಿನವನು, ಇಲ್ಲಿಗೆ ಓದಲು ಬಂದು ಇಲ್ಲೇ ನಿಂತವನು. ಯುಗಾದಿಗೆ ಕನ್ನಡ ಕೂಟದಲ್ಲಿ ಪರಿಚಯವಾಗಿತ್ತು. ಕೋಸಂಬರಿಯ ಸಾಲಿನಲ್ಲಿ ಹಿಂದೆ ಮುಂದೆ ನಿಂತಿದ್ದರು. ಕೂಟದಲ್ಲಿ ಓಂಕಾರ ಬರೀ ಓಂಕಾರ. ಅಡ್ಡಹೆಸರಿನ ಗೊಡವೆ ಯಾರಿಗೂ ಬಂದಿರಲಿಲ್ಲ.

"ಏನ್ ಸಾರ್, ಇಷ್ಟ್ ಬೆಳಿಗ್ಗೆ ಈ ಕಡೆ? ನಮಸ್ಕಾರ ಮೇಡಂ. ನಮಸ್ಕಾರ ಆಂಟಿ. ಮನೆ ನೋಡಕ್ಕಾ?"

"ಹೌದ್ರಿ, ಹದಿನಾಲ್ಕನೇ ನಂಬರಿಂದು" ಎಂದಳು ವಚನಾ, ಗಾಜು ಇಳಿಸಿ. "ರಸ್ತೆ ಟ್ರಯಲ್ ನೋಡಾಕತ್ತೀವಿ."

"ಒಳ್ಳೆ ಕೆಲ್ಸ ಮಾಡಿದ್ರಿ. ನಾವು ನೋಡ್ದೆ ತಗೊಂಡ್ವಿ. ಭಾನುವಾರ ಬಂದು ನೋಡಿದ್ವಿ, ಎಷ್ಟು ಪ್ರಶಾಂತವಾಗಿದೆ ಅನ್ಸಿತ್ತು. ನಂದು ಮನೇಲಿ ಕಾರಿದೆ. ಆದ್ರೆ ಸ್ಟೇಷನ್‌ಗೆ ನಡ್ಕೊಂಡೇ ಹೋಗ್ತೀನಿ. ನಡೆದ್ರೆ ಇಪ್ಪತ್ತೈದು ನಿಮಿಷ, ಕಾರಲ್ಲಿ ಮೂವತ್ತೈದು."

ಸಾಲು ಸ್ವಲ್ಪ ಸರಿಯಿತು. ಕಾರು ಸರಿಯಿತು. ಮುರಳಿಯೂ ಕಿಟಕಿಯ ಅಂಚಿಗೆ ಕೈಯಿಟ್ಟುಕೊಂಡೇ ಪಕ್ಕದಲ್ಲಿ ನಡೆದ. ಅವನು ಹೆಜ್ಜೆ ಚಿಕ್ಕದು ಮಾಡಬೇಕಾಗಿತ್ತು. ಹೀಗೆ ಮಾತಾಡಿಕೊಂಡು ಬರುವುದು ಅವನಿಗೆ ಅಭ್ಯಾಸವಿದ್ದಂತಿತ್ತು. ಪ್ರಾಯಶಃ ಬೀದಿಯ ಅರ್ಧ ಜನರ ಸುಖದುಃಖವನ್ನು ಅವನು ಹೀಗೇ ವಿಚಾರಿಸಿಕೊಂಡಿರಬೇಕು. ತನ್ನ ಹೆಂಡತಿ ಪೂರ್ವಿ ನ್ಯೂಮಾರ್ಕೆಟ್‌ನಲ್ಲಿ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ಕೆಲಸಕ್ಕಿದ್ದಳು ಎಂದು ಹೇಳಿದ. ಒಳ್ಳೆಯ ಕೆಲಸ. ಮಗುವಿನ ಡೇಕೇರ್ ಆರಕ್ಕೆ ಮುಚ್ಚುತ್ತದೆ. ಸಂಜೆ ಈ ರಸ್ತೆಯ ಬಾಯಿಗೆ ಐದೂವರೆಗೆ ಬಂದರೂ ಒಳಗೆ ಬರುವಷ್ಟರಲ್ಲಿ ಆರೂ ಹತ್ತು. "ಎರಡು ಸಲ ಮಗು ಲೈಟ್ ಆರಿಸಿದ ರೂಮಲ್ಲಿ ಶೂ ಹಾಕ್ಕೊಂಡು ಕೂತಿತ್ತಂತೆ, ಟೀಚರ್ ಜೊತೆ. ಮೂರನೇ ಸಲ ಆದ್ಮೇಲೆ ಪೂರ್ವಿ ಕೆಲ್ಸ ಬಿಟ್ಲು." ಇದನ್ನು ಅವನು ಬಸ್ಸಿನ ವೇಳಾಪಟ್ಟಿ ಓದುವ ದನಿಯಲ್ಲಿ ಹೇಳಿದ. ಓಂಕಾರ ಎರಡೂ ಕೈಗಳಿಂದ ಸ್ಟಿಯರಿಂಗ್ ಹಿಡಿದು ಮುಂದಿನ ಕಾರಿನ ಹಿಂಭಾಗವನ್ನು ಗೌರವದಿಂದ ನೋಡಿದ.

"ಇಷ್ಟ್ ಮನೀಗೆ ಇದೊಂದ ರಸ್ತೆ ಅಂದ್ರ ಹೆಂಗ್ರಿ? ಪರ್ಮಿಶನ್ ಕೊಡೂಮುಂದ ಯಾರೂ ನೋಡೂದಿಲ್ಲೇನು?" ಎಂದಳು ವಚನಾ.

"ನೋಡ್ತಾರೆ ಮೇಡಂ! ರಿಪೋರ್ಟ್ ಇದೆ. ಎಪ್ಪತ್ತೆರಡು ಪುಟ. ನಾನು ಕೂತ್ಕೊಂಡು ಪೂರ್ತಿ ಓದಿದೀನಿ. ಈ ಜಂಕ್ಷನ್ನಲ್ಲಿ ಒಂದ್ ಕಾರು ಇಪ್ಪತ್ತೆರಡು ಸೆಕೆಂಡ್ ಕಾಯುತ್ತೆ ಅಂತ ಬರ್ದಿದಾನೆ, ಪುಣ್ಯಾತ್ಮ. ಪರಿಣಾಮ ಅಲ್ಪಕ್ಕಿಂತ ಅಲ್ಪ ಅಂತೆ. ತಮಾಷೆ ಏನ್ ಗೊತ್ತಾ? ಬರ್ದೋನು ನಮ್ಮೋನೇ. ಓ. ಹಳ್ಳಿಕೇರಿ ಅಂತ. ನಿಮ್ ಕಡೆ ಹೆಸರಲ್ವಾ ಸಾರ್ ಅದು?"

ಓಂಕಾರ ನಿಂತ ಕಾರಿನ ಬ್ರೇಕನ್ನು ಇನ್ನಷ್ಟು ಒತ್ತಿದ. ಹೌದು, ನಮ್ಮ ಕಡೆಯದು, ಬಹಳ ಜನ ಇದ್ದಾರೆ ಎನ್ನಬಹುದಿತ್ತು. ನಾಲಿಗೆ ಆ ವಾಕ್ಯಕ್ಕೆ ಸಿದ್ಧವೂ ಆಗಿತ್ತು. ಆದರೆ ಹಿಂದಿನ ಸೀಟಿನಲ್ಲಿ ಕೈಚೀಲ ಸರಿಸಿದ ಸದ್ದಾಯಿತು. ಬಸವ್ವ ಎರಡು ಸೀಟುಗಳ ನಡುವಿನಿಂದ ತಲೆ ಮುಂದೆ ಚಾಚಿದ್ದಳು.

"ಹಳ್ಳಿಕೇರಿ? ಅದು ನಮ್ಮ ಅಡ್ಡಹೆಸರೋ ಯಪ್ಪಾ! ಇವನ ಬರದಾನ ಅದನ್ನ, ನನ್ನ ಮಗ! ಅದರ ಮ್ಯಾಲಿನ ಹಾಳಿ ಗದಗಿನ್ಯಾಗ ನಮ್ಮ ದೇವರ ಜಗಲಿ ಮ್ಯಾಲ ಐತಿ. ಗಾಜಿನ ಕಟ್ಟ ಹಾಕಿಸೀನಿ." ಕತ್ತಲಲ್ಲೂ ಅವಳ ಮುಖ ಬೆಳಗಿದ್ದು ಕನ್ನಡಿಯಲ್ಲಿ ಕಾಣಿಸಿತು. "ಪೂರಾ ಓದೀಯೇನಪಾ ನೀನು? ನಮ್ಮ ಮನ್ಯಾಗ ಯಾರೂ ಒಳಗ ತೆರದು ನೋಡಿಲ್ಲ. ಎಪ್ಪತ್ತೆರಡು ಹಾಳಿ ಓದಿದಾಂವ ನೀ ಒಬ್ಬನ ನೋಡು."

ಮುರಳಿ "ಓ" ಎಂದ.

ಇಂಥ ಹೊತ್ತಿನಲ್ಲಿ ಕಾರುಗಳು ಮುಂದೆ ಹೋಗಬೇಕು, ಅಥವಾ ಮನುಷ್ಯರು ಹೋಗಬೇಕು. ಎರಡೂ ಆಗಲಿಲ್ಲ. ಸಾಲು ನಿಂತಿತ್ತು. ಸೌಜನ್ಯ ಮುರಳಿಯನ್ನು ಹಿಡಿದು ನಿಲ್ಲಿಸಿತ್ತು; ಈಗ ಹೊರಟರೆ ಸಿಟ್ಟಿನಿಂದ ಹೊರಟಂತಾಗುತ್ತದೆ ಎಂದು ಅವನು ಅಳುಕುತ್ತಿರುವುದು ಕಾಣುತ್ತಿತ್ತು. ವಚನಾ ಫೋನನ್ನು ನೋಡುತ್ತಿದ್ದಳು. ಅದರಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಆಗ ಸಾಲು ಎರಡು ಕಾರಿನಷ್ಟು ಸರಿಯಿತು. ಓಂಕಾರ ಎರಡು ಕಾರಿನಷ್ಟು ಸರಿದ. ಅಭ್ಯಾಸಬಲದಿಂದ ಮುರಳಿಯೂ ಎರಡು ಕಾರಿನಷ್ಟು ನಡೆದು ಮತ್ತೆ ಕಿಟಕಿಯ ಪಕ್ಕವೇ ನಿಂತ.

"ಇಂಗ್ಲಿಷ್ ತುಂಬಾ ಚೆನ್ನಾಗಿತ್ತು ಸಾರ್" ಎಂದ ಕೊನೆಗೆ. "ಎಲ್ಲೂ ಒಂದ್ ತಪ್ಪಿರ್ಲಿಲ್ಲ." ಆಮೇಲೆ ಸ್ವಲ್ಪ ತಡೆದು, "ಒಂದೇ ಒಂದು ನಂಗೆ ಗೊತ್ತಾಗ್ಲಿಲ್ಲ. ಜುಲೈ ರಜೇಲಿ ಯಾಕ್ ಎಣಿಸಿದ್ರಿ?"

"ಗಡುವು ಇತ್ರಿ" ಎಂದ ಓಂಕಾರ.

"ಹೂಂ. ಆಮೇಲೆ ಇನ್ನೊಂದ್ಸಲ ಎಣಿಸ್ಬೋದಿತ್ತಲ್ವಾ?"

"ಎಣಿಸಬಹುದಿತ್ತು."

ಮುರಳಿ ಗಡಿಯಾರ ನೋಡಿಕೊಂಡ. "ನಂದು ಏಳೂ ಇಪ್ಪತ್ತೇಳರ ಟ್ರೇನು. ಬರ್ತೀನಿ ಸಾರ್. ಬರ್ತೀನಿ ಆಂಟಿ" ಎಂದು ಕಿಟಕಿಯಿಂದ ಕೈ ತೆಗೆದ. ಅವನ ಬೆನ್ನಿನ ಮೇಲಿನ ಹೊಳೆಯುವ ಪಟ್ಟಿ ಕಾರುಗಳ ಬೆಳಕಿನಲ್ಲಿ ಬಹಳ ಹೊತ್ತು ಕಾಣುತ್ತಲೇ ಇತ್ತು. ಒಂದೊಂದಾಗಿ ಅವನು ಎಲ್ಲ ಕಾರುಗಳನ್ನೂ ದಾಟಿಕೊಂಡು ಹೋದ.

ಹಾರ್ಗ್ರೇವ್ ರಸ್ತೆಯ ತುದಿಯ ಸಿಗ್ನಲ್ ದಾಟಿದಾಗ ಇಪ್ಪತ್ತೇಳು ನಿಮಿಷವಾಗಿತ್ತು. ಮುಂದೆ ಈಸ್ಟ್ ತಮಾಕಿಯವರೆಗೆ ವಚನಾ ದಾರಿಯ ಮುಖ್ಯ ತಿರುವುಗಳಲ್ಲಿ ಫೋನಿನ ಮೇಲೆ ಬೆರಳೊತ್ತಿ ಹೊತ್ತು ಗುರುತು ಹಾಕಿಕೊಂಡಳು. ಅವಳು ಚೀಸು ಪ್ಯಾಕ್ ಮಾಡುವ ಫ್ಯಾಕ್ಟರಿಯ ಲ್ಯಾಬಿನಲ್ಲಿ ಗುಣಮಟ್ಟ ನೋಡುವವಳು. ತೂಕ ಕಡಿಮೆ ಬಂದ ಪೊಟ್ಟಣವನ್ನು ಪಕ್ಕಕ್ಕೆತ್ತಿಡುವುದು ಅವಳ ಕೆಲಸ. ಎತ್ತಿಡುವಾಗ ಪೊಟ್ಟಣದ ಮೇಲೆ ಸಿಟ್ಟಾಗುವ ಪದ್ಧತಿಯಿಲ್ಲ. ಫ್ಯಾಕ್ಟರಿಯ ಗೇಟಿನಲ್ಲಿ ಇಳಿದು, ಬಗ್ಗಿ ಫೋನಿನ ಮುಖವನ್ನು ಅವನ ಕಡೆ ತಿರುಗಿಸಿ, "ಐವತ್ತೆಂಟು" ಎಂದಳು. ಬಾಗಿಲು ಮೆಲ್ಲಗೆ ಹಾಕಿದಳು. ಅವಳು ಹದಿಮೂರು ನಿಮಿಷ ತಡವಾಗಿದ್ದಳು. ಯಾರಿಗೋ ಕ್ಷಮೆ ಕೇಳುತ್ತ ಸಣ್ಣಗೆ ಓಡಿದಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ಓಡಿದ್ದನ್ನು ಅವನು ಹಿಂದಿನಿಂದ ನೋಡಿರಲಿಲ್ಲ.

ವಾಪಸು ಬರುವಾಗ ಬಸವ್ವ ಮುಂದಿನ ಸೀಟಿಗೆ ಬಂದಿದ್ದಳು. ಸೂರ್ಯ ಎದ್ದಿದ್ದ. ಅರ್ಧ ದಾರಿಗೆ ಬಂದಾಗ, "ನಾ ಏನರ ತಪ್ಪ ಮಾತಾಡಿದ್ನೇನೋ?" ಎಂದು ಕೇಳಿದಳು.

"ಇಲ್ಲಬೇ."

"ಆ ಹುಡುಗನ ಮಾರಿ ಇಷ್ಟಾ ಆತು."

ಅವನಿಗೆ ಸುಳ್ಳು ಹೇಳುವಷ್ಟು ತ್ರಾಣ ಉಳಿದಿರಲಿಲ್ಲ. "ಅದು ತಪ್ಪೈತಬೇ, ಆ ಪುಸ್ತಕ. ರಸ್ತ್ಯಾಗ ಗಾಡಿ ಕಡಿಮಿ ಬರತಾವು ಅಂತ ಬರದೆ. ಹೆಚ್ಚು ಬಂದ್ವು."

ಬಸವ್ವ ಯೋಚಿಸಿದಳು. "ಮ್ಯಾಲಿನ ಹಾಳೀನೂ ತಪ್ಪೈತೇನು?"

"ಇಲ್ಲ. ಮ್ಯಾಲಿನ ಹಾಳಿ ಸರಿ ಐತಿ. ಬರೇ ಹೆಸರು ಅದು."

"ಹಂಗಾದ್ರ ಇರಲಿ" ಎಂದು ಶಾಲು ಸರಿಮಾಡಿಕೊಂಡಳು. ಆದರೆ ಮನೆ ಮುಟ್ಟುವವರೆಗೆ ಅವನ ಕಡೆ ಎರಡು ಮೂರು ಸಲ ತಿರುಗಿ ನೋಡಿದಳು. ಮಗುವಾಗಿದ್ದಾಗ ಹಣೆ ಮುಟ್ಟಿ ಜ್ವರ ನೋಡುವ ಮೊದಲು ನೋಡುತ್ತಿದ್ದ ಹಾಗೆ.

ಅವತ್ತು ಸಂಜೆ ವಚನಾ ಅಕ್ಕಿ ತೊಳೆಯುತ್ತ, ನಲ್ಲಿ ನಿಲ್ಲಿಸದೆಯೇ, "ನಂಗ ಯಾಕ ಹೇಳಲಿಲ್ಲ?" ಎಂದು ಕೇಳಿದಳು. ಓಂಕಾರ ಇಡೀ ದಿನ ಈ ಪ್ರಶ್ನೆಗೆ ಉತ್ತರ ಜೋಡಿಸಿದ್ದ. ನಿನಗೆ ಮನೆ ಅಷ್ಟು ಹಿಡಿಸಿತ್ತು, ನಿನ್ನ ಮನಸ್ಸು ಮುರಿಯಲಾರದೆ ಹೋದೆ ಎಂಬುದು ಅದರ ಸಾರ. ಹೇಳಿದ. ಹೇಳುವಾಗ ತನ್ನ ದನಿ ವರದಿಯ ದನಿಯಾಗಿರುವುದು ಅವನಿಗೇ ಕೇಳಿಸಿತು. ವಚನಾ ಎರಡನೆಯ ನೀರು ಚೆಲ್ಲಿ ಮೂರನೆಯ ನೀರು ಹಿಡಿದಳು.

"ಒಂದು ಕೇಳತೀನಿ. ಆ ಮನಿ ಯಾಕ ನಮ್ಮ ಕೈಗೆ ಸಿಗೂವಂಗೈತಿ? ಉಳಿದ್ವು ನಾಕೂ ಸಿಗಲಿಲ್ಲ. ಇದಕ್ಕ ಯಾಕ ಯಾರೂ ಬರವಲ್ರು?"

ಅವನು ಅಕ್ಕಿಯ ಡಬ್ಬಿಯ ಮುಚ್ಚಳ ಹಾಕಿದ.

"ರಸ್ತೆ ಸಲುವಾಗಿ ಬರವಲ್ರು. ಹೌದಿಲ್ಲೋ? ಅದು ನಿಮಗ ಗೊತ್ತಿತ್ತು."

ಇಲ್ಲ, ಅದನ್ನು ನಾನು ಯೋಚಿಸಿಯೇ ಇಲ್ಲ ಎನ್ನಲು ಬಾಯಿ ತೆರೆದ. ತೆರೆದ ಬಾಯಿಗೆ ಐದು ವಾರದ ಹಿಂದಿನ ಒಂದು ಮಧ್ಯಾಹ್ನ ಬಂದು ಅಡ್ಡ ನಿಂತಿತು. ಆಫೀಸಿನಲ್ಲಿ ಊಟದ ಡಬ್ಬಿಯ ಮುಂದೆ ಮಾರಾಟದ ಮನೆಗಳ ಪಟ್ಟಿ ನೋಡುತ್ತ, ಕೊವಾಯ್ ರಿಡ್ಜ್ ಎಂಬ ಹೆಸರಿನ ಮೇಲೆ ಬೆರಳು ನಿಂತದ್ದು. ಇದು ತನ್ನದೇ ಎರಡನೆಯ ಹಂತ ಎಂದು ನಕ್ಷೆಯಿಂದ ಗುರುತಿಸಿದ್ದು. ಅಲ್ಲಿ ಮಾರಾಟಕ್ಕಿದ್ದ ಎಲ್ಲ ಮನೆಗಳೂ ತಿಂಗಳುಗಟ್ಟಲೆ ಬಿಕರಿಯಾಗದೆ ಉಳಿದದ್ದನ್ನು ಕಂಡು, ಯಾಕೆಂದು ಕೂಡಲೇ ತಿಳಿದದ್ದು. ತಿಳಿದ ಮರುಕ್ಷಣ, ಅಂದರೆ ಚಪಾತಿಯ ಒಂದು ತುಂಡು ಹರಿಯುವಷ್ಟರಲ್ಲಿ, ಇಲ್ಲಿ ನಮಗೆ ಸಿಗಬಹುದು ಎಂದು ಹಗುರಾದದ್ದು. ಪಟ್ಟಿಯನ್ನು ವಚನಾಳಿಗೆ ಕಳಿಸಿದವನು ಅವನೇ. ಕಳಿಸಿದ್ದು ನೆನಪಿತ್ತು, ಹಗುರಾದದ್ದನ್ನು ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ದ?

"ಗೊತ್ತಿತ್ತು" ಎಂದ.

ವಚನಾ ನಲ್ಲಿ ನಿಲ್ಲಿಸಿದಳು. ಹಾಲಿನಲ್ಲಿ ಸೋಫಾದ ಮೇಲೆ ಬಸವ್ವ ಕಣ್ಣು ಮುಚ್ಚಿಕೊಂಡು ಮಲಗಿದ್ದಳು.

ಬುಧವಾರ, ಗುರುವಾರ ಮನೆಯಲ್ಲಿ ಬೇಕಾದಷ್ಟೇ ಮಾತು ನಡೆಯಿತು. ಗುರುವಾರ ಬೆಳಿಗ್ಗೆ ಓಂಕಾರ ಆಫೀಸಿಗೆ ಮೈ ಸರಿಯಿಲ್ಲ ಎಂದು ತಿಳಿಸಿ, ಒಬ್ಬನೇ ಹಾರ್ಗ್ರೇವ್ ರಸ್ತೆಗೆ ಹೋಗಿ, ಇಲ್ಲಿಯವರು ಡೇರಿ ಎನ್ನುವ ಮೂಲೆಯ ಕಿರಾಣಿ ಅಂಗಡಿಯ ಮುಂದೆ ನಿಂತು ಆರರಿಂದ ಒಂಬತ್ತರವರೆಗೆ ಎಣಿಸಿದ. ಕಸುಬಿಗೆ ಬಂದ ಮೊದಲ ವರ್ಷ ಕಲಿತ ಪಾಠವೊಂದಿತ್ತು: ನಿಂತ ರಸ್ತೆಯಲ್ಲಿ ದಾಟಿಹೋದ ಗಾಡಿಗಳನ್ನು ಎಣಿಸಿದರೆ ಲೆಕ್ಕ ಕಡಿಮೆಯೇ ಬರುತ್ತದೆ; ಎಣಿಸಬೇಕಾದದ್ದು ಕಾಯುತ್ತಿರುವವರನ್ನು. ಕಾಯುತ್ತಿರುವವರನ್ನು ಎಣಿಸಿದ. ಅಂಗಡಿಯವನು ಎರಡು ಸಲ ಹೊರಗೆ ಬಂದು ನೋಡಿ, ಮೂರನೆಯ ಸಲ, ಏನಾದರೂ ತಗೋತೀಯೋ ಇಲ್ಲವೋ ಎಂದು ಕೇಳಿದ. ಬಿಸಿ ಕಡುಬಿನಂಥ ಒಂದು ಪೈ ತಗೊಂಡು ಎಡಗೈಯಲ್ಲಿ ಹಿಡಿದುಕೊಂಡೇ ಎಣಿಸಿದ. ಅದು ತಣ್ಣಗಾಗಿ ಕಸಕ್ಕೆ ಹೋಯಿತು. ಮುರಳಿ ಆ ದಾರಿಯಲ್ಲೇ ಬಂದ. ಓಂಕಾರನನ್ನು ಕಂಡ, ಅವನ ಕೈಯಲ್ಲಿ ಎಣಿಕೆ ಬರೆದುಕೊಳ್ಳುವ ಹಲಗೆಯನ್ನೂ ಕಂಡ. ಏನೂ ಕೇಳದೆ ತಲೆ ಆಡಿಸಿ ಹೋದ. ಆ ತಲೆ ಆಡಿಸಿದ್ದಕ್ಕೆ ಏನರ್ಥ ಎಂದು ಓಂಕಾರ ಆಮೇಲೆ ಬಹಳ ಹೊತ್ತು ಯೋಚಿಸಿದ. ಯೋಚಿಸುವಾಗ ಹನ್ನೊಂದು ಕಾರು ಎಣಿಕೆ ತಪ್ಪಿದವು ಎಂದು ಹಲಗೆಯ ಅಂಚಿನಲ್ಲಿ ಪ್ರಾಮಾಣಿಕವಾಗಿ ಬರೆದುಕೊಂಡ.

ಶುಕ್ರವಾರ ಮಧ್ಯಾಹ್ನ, ಬಡಾವಣೆಗೆ ಅನುಮತಿ ಕೊಟ್ಟ ಕೌನ್ಸಿಲ್‌ಗೆ ಒಂದು ಪತ್ರ ಕಳಿಸಿದ. ತಾನು ಬರೆದ ವರದಿಯ ಎಣಿಕೆ ರಜೆಯ ವಾರದ್ದು, ಅದನ್ನು ಹಿಗ್ಗಿಸಿದ ರೀತಿ ಸರಿಯಿರಲಿಲ್ಲ, ಅದು ತನಗೆ ಆಗಲೇ ಗೊತ್ತಿತ್ತು, ಹೊಸ ಎಣಿಕೆ ಲಗತ್ತಿಸಿದೆ. 'ಆಗಲೇ ಗೊತ್ತಿತ್ತು' ಎಂಬುದನ್ನು ಮೂರು ಸಲ ಅಳಿಸಿ ನಾಲ್ಕು ಸಲ ಬರೆದ. ಪ್ರತಿಯನ್ನು ಗ್ರಾಂಟ್‌ಗೆ ಕಳಿಸಿದ. ಕೌನ್ಸಿಲ್‌ನಿಂದ ಅರ್ಧ ನಿಮಿಷದಲ್ಲಿ ಉತ್ತರ ಬಂತು: ಸಂಪರ್ಕಿಸಿದ್ದಕ್ಕೆ ಧನ್ಯವಾದ, ಇಪ್ಪತ್ತು ಕೆಲಸದ ದಿನಗಳೊಳಗೆ ನಿಮ್ಮನ್ನು ಸಂಪರ್ಕಿಸಲಾಗುವುದು, ನಿಮ್ಮ ಅನುಭವ ಹೇಗಿತ್ತು ಎಂದು ಐದು ನಕ್ಷತ್ರಗಳಲ್ಲಿ ತಿಳಿಸಿ. ಗ್ರಾಂಟ್ ಗಾಜಿನ ಕೋಣೆಯಲ್ಲಿ ಪತ್ರ ಓದುವುದು ಕಾಣಿಸಿತು. ಓದಿ ಎದ್ದು ಬಂದು, ಸೋಮವಾರ ಒಂಬತ್ತಕ್ಕೆ ಮಾತಾಡೋಣ ಎಂದ. ಈ ಸಲ ಬೆನ್ನು ತಟ್ಟಲಿಲ್ಲ. ಕೈ ಮೇಲೆದ್ದು ಕುರ್ಚಿಯ ಬೆನ್ನನ್ನು ತಟ್ಟಿ ಹೋಯಿತು.

ಶನಿವಾರ ಬೆಳಿಗ್ಗೆ ಇದನ್ನೆಲ್ಲ ವಚನಾಳಿಗೆ ಹೇಳಿದ. ಅವಳು ಹರಾಜಿಗೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದಳು.

"ಕೆಲಸ ಹೋಗತೈತೇನು?"

"ಹೋಗಬಹುದು. ಹೇಳಾಕ ಬರೂದಿಲ್ಲ."

"ಹಂಗಾದ್ರ ಇವತ್ತ ಕೈ ಎತ್ತೂದಿಲ್ಲ" ಎಂದಳು. ಹಾಗೆಂದು ಅಂಗಿ ಬದಲಿಸಲಿಲ್ಲ. "ನಡ್ರಿ, ಯಾರಿಗೆ ಹೊಕ್ಕೈತಿ ನೋಡಿಬರೂಣು. ಐದು ವಾರ ಅದರಾಗ ಮನಸನ್ಯಾಗ ಭಾಂಡೆ ಹೊಂದಿಸಿಟ್ಟ ಬಂದೀನಿ."

ಶನಿವಾರದ ಹಾರ್ಗ್ರೇವ್ ರಸ್ತೆ ಖಾಲಿಯಾಗಿ, ಬಿಸಿಲಲ್ಲಿ ಮುಗ್ಧವಾಗಿ ಮಲಗಿತ್ತು. ಮನೆಯ ಮುಂದಿನ ಹುಲ್ಲಿನ ಮೇಲೆ ಏಳೆಂಟು ಜನ. ಅವರಲ್ಲಿ ನಿಜವಾಗಿ ಕೊಳ್ಳಲು ಬಂದಂತೆ ಕಾಣುತ್ತಿದ್ದವರು ಒಂದೇ ಜೋಡಿ. ಹುಡುಗಿ ತನ್ನ ಹೆಸರು ಮೆಲೆ ಎಂದಳು, ಸಮೋವಾ ಕಡೆಯವಳು. ಗಂಡ ಡ್ಯಾನ್. ಇಬ್ಬರೂ ದೂರದ ಪೊರಿರುವಾ ಎಂಬ ಊರಿನವರು, ಡ್ಯಾನ್‌ಗೆ ಈಸ್ಟ್ ತಮಾಕಿಯ ಗೋದಾಮೊಂದರಲ್ಲಿ ಕೆಲಸ ಸಿಕ್ಕು, ಆಕ್ಲೆಂಡಿಗೆ ಬರುತ್ತಿದ್ದರು. ಊರು ಹೊಸದು. ಓಂಕಾರ ಅಲ್ಲೇ ವಾಸಿಸುವವನೆಂದು ತಿಳಿದು ಅವಳು ನಗುತ್ತ, "ಇಲ್ಲಿ ಬೆಳಿಗ್ಗೆ ಟ್ರಾಫಿಕ್ ಹೇಗೆ?" ಎಂದು ಕೇಳಿದಳು. ಏಜೆಂಟು ಎರಡು ಮಾರು ದೂರದಲ್ಲಿದ್ದ.

"ಕೆಟ್ಟದಾಗಿದೆ" ಎಂದ ಓಂಕಾರ. "ಆ ಸಿಗ್ನಲ್ ದಾಟಲು ಇಪ್ಪತ್ತೇಳು ನಿಮಿಷ. ಈಸ್ಟ್ ತಮಾಕಿಗೆ ಸುಮಾರು ಒಂದು ತಾಸು. ಇದರ ಟ್ರಾಫಿಕ್ ವರದಿ ಬರೆದವನು ನಾನೇ. ವರದಿ ತಪ್ಪು."

ಹುಲ್ಲಿನ ಮೇಲೆ ಒಂದು ಕ್ಷಣ ಎಲ್ಲರೂ ಇವನನ್ನು ನೋಡಿದರು. ಏಜೆಂಟಿನ ನಗು ಹಾಗೆಯೇ ಇತ್ತು, ಕಣ್ಣು ಮಾತ್ರ ಬದಲಾಯಿತು. ಡ್ಯಾನ್ ಓಂಕಾರನ ಕೈಯಲ್ಲಿದ್ದ, ಹರಾಜಿಗೆ ಹೆಸರು ಬರೆಸಿದವರಿಗೆ ಕೊಡುವ ನಂಬರಿನ ಚೀಟಿಯನ್ನು ನೋಡಿದ. ಹೋದ ವಾರವೇ ಬರೆಸಿದ್ದ ಹೆಸರು, ಬಾಗಿಲಲ್ಲಿ ಚೀಟಿಯನ್ನು ಕೈಗೆ ತುರುಕಿದ್ದರು. ಡ್ಯಾನ್ ಕಣ್ಣು ಹೊಡೆದ. "ನೈಸ್ ಟ್ರೈ, ಮೇಟ್" ಎಂದ, ಸ್ನೇಹದಿಂದಲೇ. ಸುತ್ತಲಿನವರು ನಕ್ಕರು. ಎದುರಾಳಿಯನ್ನು ಹೆದರಿಸಿ ಓಡಿಸುವ ಉಪಾಯಗಳು ಹರಾಜಿನಲ್ಲಿ ಎಲ್ಲರಿಗೂ ಗೊತ್ತಿದ್ದವೇ. ಓಂಕಾರ ಇನ್ನೊಮ್ಮೆ, ಇಲ್ಲ, ಇದು ನಿಜ ಎಂದ; ಎರಡನೆಯ ಸಲ ಹೇಳಿದ್ದರಿಂದ ಅದು ಇನ್ನಷ್ಟು ಸುಳ್ಳಾಯಿತು. ಪಕ್ಕದಲ್ಲಿ ವಚನಾ ತಲೆ ತಗ್ಗಿಸಿ ನಿಂತಿದ್ದಳು. ನಾಚಿಕೆಯಿಂದ ಎಂದುಕೊಂಡ. ಭುಜ ಅಲುಗುತ್ತಿದ್ದದ್ದು ಕಂಡ ಮೇಲೆ ಗೊತ್ತಾಯಿತು: ಅವಳು ನಗು ತಡೆಯಲಾರದೆ ಒದ್ದಾಡುತ್ತಿದ್ದಳು. ನಾಲ್ಕು ದಿನದಲ್ಲಿ ಮೊದಲ ಸಲ.

ಹರಾಜು ಆರು ನಿಮಿಷದಲ್ಲಿ ಮುಗಿಯಿತು. ಡ್ಯಾನ್ ಒಬ್ಬನೇ ಕೂಗಿದ. ಹರಾಜು ಮಾಡುವವನು ಮತ್ತೆ ಮತ್ತೆ ಓಂಕಾರನ ಕಡೆಗೆ ಆಸೆಯಿಂದ ನೋಡಿದ. ಓಂಕಾರ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡ. ಸುತ್ತಿಗೆ ಬಿತ್ತು. ವಚನಾ ಅಡುಗೆಮನೆಯ ಕಿಟಕಿಯನ್ನು ಒಮ್ಮೆ ನೋಡಿ, ಕಾರಿನ ಕಡೆ ನಡೆದಳು.

ಓಂಕಾರ ಬಾಗಿಲು ತೆರೆಯುವಷ್ಟರಲ್ಲಿ ಹಿಂದಿನಿಂದ ಮೆಲೆ ಬಂದಳು. ಗಂಡ ಒಳಗೆ ಕಾಗದಗಳಿಗೆ ಸಹಿ ಹಾಕುತ್ತಿದ್ದ. ಅವಳ ಮುಖದಲ್ಲಿ ಗೆದ್ದ ಬಣ್ಣ ಇನ್ನೂ ಇತ್ತು, ಆದರೆ ಕಣ್ಣು ಇವನ ಕೈ ನೋಡುತ್ತಿತ್ತು.

"ನೀವು ಕೂಗಲೇ ಇಲ್ಲ" ಎಂದಳು.

"ಇಲ್ಲ."

"ಹಾಗಾದರೆ ಇಪ್ಪತ್ತೇಳು ನಿಮಿಷ ಅಂದದ್ದು?"

"ನಿಜ" ಎಂದ. "ಆರೂ ಇಪ್ಪತ್ತಕ್ಕೆ ಮೊದಲು ಹೊರಟರೆ ಒಂಬತ್ತೇ ನಿಮಿಷ. ಶಾಲೆಗೆ ರಜೆಯಿದ್ದಾಗ ನಾಲ್ಕು. ಸ್ಟೇಷನ್‌ಗೆ ನಡೆದೇ ಹೋಗಬೇಕು. ದಾರಿಯಲ್ಲಿ ಮುರಳಿ ಅಂತ ಒಬ್ಬರು ಸಿಗುತ್ತಾರೆ, ಅವರಿಗೆ ಎಲ್ಲ ಗೊತ್ತು."

ಅವಳು ಮನೆಯನ್ನು ತಿರುಗಿ ನೋಡಿದಳು. ಅಳುತ್ತಾಳೇನೋ ಎಂದು ಅವನಿಗೆ ಭಯವಾಯಿತು. ಅವಳು ಅಳಲಿಲ್ಲ. "ಈ ರಸ್ತೆಯ ಬಗ್ಗೆ ಕೌನ್ಸಿಲ್‌ಗೆ ದೂರು ಕೊಟ್ಟರೆ ಸಾಕ್ಷಿ ಬೇಕಾಗುತ್ತದೆ. ನೀವು ಬರುತ್ತೀರಾ?" ಎಂದಳು.

ವಚನಾ ಕಾರಿನೊಳಗಿಂದ ನೋಡುತ್ತಿದ್ದಳು. ಓಂಕಾರ ಬರುತ್ತೇನೆ ಎಂದ. ಮೆಲೆ ಫೋನು ತೆಗೆದಳು. ಅವನು ನಂಬರು ಹೇಳಿದ, ಅವಳು ಒಂದೊಂದೇ ಅಂಕಿ ಒತ್ತಿಕೊಂಡಳು. ಒತ್ತಿ, ಅವನ ಮುಖವನ್ನೇ ನೋಡುತ್ತ, ಅಲ್ಲೇ ನಿಂತು ಕರೆ ಮಾಡಿದಳು. ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವನು ಎತ್ತಲಿಲ್ಲ, ಎತ್ತುವ ಅಗತ್ಯವಿರಲಿಲ್ಲ. ನಾಲ್ಕು ಸಲ ಬಡಿದುಕೊಳ್ಳುವವರೆಗೆ ಕೇಳಿಸಿಕೊಂಡು, ನಂಬರು ಖರೆಯದೇ ಎಂದು ಖಾತ್ರಿಯಾದ ಮೇಲೆ ಅವಳು ಕರೆ ಕಡಿದಳು.